ಕೆಬಿ ಅಂದರೆ ಕಂಬಳಿ

ಶಶಿರೇಖಾಳ ಅಂಗಡಿಯ ಯಾವ ಕಂಪ್ಯೂಟರ್ ತೆರೆದರೂ ಪರದೆಯ ಮೂಲೆಯಲ್ಲಿ ‘ತಡಿ’ ಎಂಬ ಹೆಸರಿನ ಒಂದು ಫೋಲ್ಡರ್ ಇರುತ್ತದೆ. ಬೇಡವಾದದ್ದು ಏನೇ ಇರಲಿ, ಅವಳು ಅದನ್ನು ನೇರವಾಗಿ ಅಳಿಸುವುದಿಲ್ಲ, ಎತ್ತಿ ಇದರೊಳಗೆ ಹಾಕುತ್ತಾಳೆ. ಮೆಷೀನನ್ನು ಆಫ್ ಮಾಡಿ ಆನ್ ಮಾಡಿ, ಕೆಲವು ವಾರ ಅದರಲ್ಲೇ ಕೆಲಸ ಮಾಡಿ, ಯಾರೂ ಅದನ್ನು ಕೇಳಿಕೊಂಡು ಬರಲಿಲ್ಲ ಅಂದ ಮೇಲೆಯೇ ಅದಕ್ಕೆ ಮುಕ್ತಿ. ಹೊಸ ಗಿರಾಕಿಗಳು ಇದನ್ನು ನೋಡಿ, ಅಬ್ಬಾ, ಎಂಥ ತಾಳ್ಮೆಯ ಹೆಂಗಸು ಅಂದುಕೊಳ್ಳುತ್ತಾರೆ. ನನಗೆ ಒಳಗೊಳಗೇ ನಗು. ತಾಳ್ಮೆ ಎಂಬ ಪದಾರ್ಥ ಅವಳ ಮನೆಯ ಅಡುಗೆಗೆ ಯಾವತ್ತೂ ಬಿದ್ದದ್ದಿಲ್ಲ.

ನಾನು ಮರುಳಪ್ಪ. ಚಳ್ಳಕೆರೆಯ ಹಳೇ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ನನ್ನದು. ದೇವರಿಗೂ ಸತ್ತವರಿಗೂ ಗಾಜು ಹಾಕುತ್ತೇನೆ. ಬದುಕಿರುವವರು ನನ್ನ ಕಡೆ ತಿರುಗಿ ನೋಡುವುದು ಅಪರೂಪ. ನನ್ನ ಗೋಡೆಗೆ ಅಂಟಿಕೊಂಡೇ ಅವಳ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಕರಪತ್ರ, ಪಾಸ್‌ಪೋರ್ಟ್ ಸೈಜಿನ ಫೋಟೋ, ಜೆರಾಕ್ಸ್, ಎಲ್ಲ ಅಲ್ಲೇ. ನಡುವಿನ ಗೋಡೆ ತೆಳು. ಅವಳು ಕುರ್ಚಿಯಲ್ಲಿ ಕೂತು ಕಾಲು ಅಲುಗಿಸಿದರೆ ನನ್ನ ಕಡೆ ತೂಗುಹಾಕಿದ ತಿಪ್ಪೇಸ್ವಾಮಿ ದೇವರ ಫೋಟೋ ಅಲುಗುತ್ತಿತ್ತು. ಎಷ್ಟು ಸಲ ಬೈದೆನೋ! ಕಾಲು ನಿಲ್ಲಿಸಿದರೆ ಕೈಯಲ್ಲಿ ಮೌಸ್ ಕುಟ್ಟುತ್ತಿದ್ದಳು.

ಅವಳ ಅವ್ವ ದುರುಗಕ್ಕ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಕೇರುವ ಕೆಲಸಕ್ಕೆ ಹೋಗುತ್ತಿದ್ದಳು. ಮೊರದಲ್ಲಿ ಒಂದು ಸಿಪ್ಪೆ ಉಳಿದರೂ ಆಯಮ್ಮನಿಗೆ ಕೈ ನಿಲ್ಲದು. ಮಗಳಿಗೆ ಬಂದದ್ದು ಅದೇ ರಕ್ತ. ಟೀ ಕುಡಿದ ಲೋಟ ಮೇಜಿನ ಮೇಲೆ ಇರಬಾರದು, ಹರಿದ ಕಾಗದ ನೆಲದ ಮೇಲೆ ಇರಬಾರದು. ಹೆಣ್ಣು ನೋಡಲು ಬಂದವರು ಇನ್ನೂ ಉಪ್ಪಿಟ್ಟು ತಿನ್ನುತ್ತಿರುವಾಗಲೇ ತಟ್ಟೆ ಎತ್ತಲು ಕೈ ಹಾಕಿದಳಂತೆ. ಗಂಡಿನ ಚಿಕ್ಕಪ್ಪ ಚಮಚ ಹಿಡಿದುಕೊಂಡೇ ಎದ್ದು ಹೋದ. ಆ ಸಂಬಂಧ ಅಲ್ಲಿಗೆ ಮುಗಿಯಿತು, ಆಮೇಲೆ ಬಂದವುಗಳೂ ಹೆಚ್ಚೂ ಕಡಿಮೆ ಹಾಗೇ ಮುಗಿದವು. ಅವಳು ಅದಕ್ಕೂ ಕೂತು ಅಳಲಿಲ್ಲ, ಅಳಲು ಕೂರಬೇಕಲ್ಲ.

ನಾನು ಹೇಳುತ್ತಿರುವುದು ಎರಡು ಸಾವಿರದ ಆರನೇ ಇಸವಿಯ ಮಾತು. ಆಗ ಅವಳಲ್ಲಿದ್ದದ್ದು ಒಂದೇ ಕಂಪ್ಯೂಟರ್, ಅದೂ ಯಾವುದೋ ಕಚೇರಿಯವರು ಬಳಸಿ ಬಿಟ್ಟದ್ದು. ಅಂಗಡಿಗೆ ಇಂಟರ್ನೆಟ್ ಬಂದ ಮೇಲೆ ಅದಕ್ಕೊಂದು ಚಟ ಹತ್ತಿತು. ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಇಳಿಸಿಕೊಳ್ಳುವುದು, ಇಳಿಸಿಕೊಂಡ ಮೂಟೆಯನ್ನು ಒಂದು ಕಡೆ ಇಟ್ಟುಕೊಳ್ಳುವುದು, ತೆಗೆದ ಹಳೆಯ ಫೈಲುಗಳನ್ನು ಇನ್ನೊಂದು ಕಡೆ ಬಚ್ಚಿಡುವುದು. ಹೊಸ ಚಪ್ಪಲಿ ಕಚ್ಚಿದರೆ ಇರಲಿ ಅಂತ ಹಳೆಯದನ್ನು ಬಾಗಿಲ ಹಿಂದೆ ಇಡುತ್ತೇವಲ್ಲ, ಹಾಗೆ. ಬುದ್ಧಿವಂತಿಕೆಯೇ, ಆದರೆ ಮನೆ ದೊಡ್ಡದಿರಬೇಕು. ಆ ಹಳೇ ಮೆಷೀನಿನ ಡಿಸ್ಕು ಬೆಂಕಿಪೊಟ್ಟಣದಷ್ಟು. ಮದುವೆ ಸೀಸನ್ ಬರುವ ಹೊತ್ತಿಗೆ ಅದು ತುಂಬಿ, ಒಂದು ಲಗ್ನಪತ್ರಿಕೆ ತೆರೆಯಲು ಹೇಳಿದರೆ ಗರ್ರೆಂದು ಗೊಣಗುತ್ತ ನಿಂತುಬಿಡುತ್ತಿತ್ತು. ಪರದೆಯ ಮೇಲೆ ಮರಳಿನ ಗಡಿಯಾರ ತಿರುಗುತ್ತಿತ್ತು. ಅದನ್ನು ನೋಡುತ್ತ ಕೂರುವುದು ಶಶಿರೇಖಾಳಿಗೆ ಸೂಜಿಯ ಮೇಲೆ ಕೂತ ಹಾಗೆ.

ಅವಳಿಗೆ ಕಂಪ್ಯೂಟರ್ ಕಲಿಸಿದವರು ಮೊಳಕಾಲ್ಮೂರಿನಲ್ಲಿ ತರಬೇತಿ ಕೇಂದ್ರ ನಡೆಸುವ ಕೃಷ್ಣಮೂರ್ತಿ ಮೇಷ್ಟ್ರು. ಅವರಿಗೆ ಫೋನ್ ಮಾಡಿದಳು. ಗೋಡೆಯ ಈಚೆಗೂ ಕೇಳುವಂಥ ಗಂಟಲು ಅವಳದು.

“ಸಾರ್, ಮೆಷೀನು ತುಂಬೋಗೈತೆ. ಈ ಅಪ್‌ಡೇಟಿನ ಹಳೇ ಕಸ ಯಾವ್ದು ಸಾರ್? ಹೆಂಗೆ ಗುರುತು ಹಿಡೀಲಿ?... ಕೆಬಿ ಅಂತ ಇರ್ತೈತಾ? ಕೆಬಿ, ಅದರ ಮುಂದೆ ನಂಬರು. ಸರಿ ಸಾರ್, ಆಯ್ತು ಸಾರ್, ಗೊತ್ತಾಯ್ತು.”

ಫೋನ್ ಇಟ್ಟುಬಿಟ್ಟಳು. ಮೇಷ್ಟ್ರು ಆ ಕಡೆ ಇನ್ನೂ ಮಾತಾಡುತ್ತಲೇ ಇದ್ದರು ಅಂತ ನಮಗೆ ಗೊತ್ತಾದದ್ದು ಆಮೇಲೆ. ಹೆಸರು ನೋಡಿ ಅಳಿಸಬೇಡ, ಅದು ಯಾವ ಜಾಗದಲ್ಲಿದೆ ಅಂತ ನೋಡಿ ಅಳಿಸು. ಒಂದೇ ಸಲಕ್ಕೆ ಅಳಿಸಬೇಡ, ಮೊದಲು ಬೇರೆ ಕಡೆ ಎತ್ತಿಡು. ಗಿರಾಕಿಗಳ ಕೆಲಸವನ್ನೆಲ್ಲ ಸಿಡಿಗೆ ಹಾಕಿಕೋ. ಈ ಮೂರೂ ಮಾತನ್ನು ಅವರು ಬರಿಯ ತಂತಿಗೆ ಹೇಳಿದರು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ. ಆತುರಗಾತಿಗೆ ಬೇರೆ ಗಾದೆ ಮಾಡುವ ಅಗತ್ಯವಿಲ್ಲ.

ಅವಳು ಇಡೀ ಡಿಸ್ಕಿನಲ್ಲಿ ಕೆಬಿ ಎಂಬ ಎರಡಕ್ಷರ ಇರುವುದನ್ನೆಲ್ಲ ಹುಡುಕಲು ಹೇಳಿದಳು. ಸಾಲುಸಾಲಾಗಿ ಬಂದವು. ಕೆಲವು ನೀಲಿ ಅಕ್ಷರದವು, ಕೆಲವು ಕರಿಯವು. ಕೀಬೋರ್ಡಿನ ಫೈಲುಗಳ ಹೆಸರೂ ಅದೇ ಅಕ್ಷರಗಳಿಂದ ಶುರುವಾಗುತ್ತವಂತೆ. ಅವನ್ನು ಮಾತ್ರ ಗುರುತಿಸಿ ಬಿಟ್ಟಳು. “ಮರುಳಣ್ಣಾ, ಬೇರೆ ಯಾರಾದ್ರೂ ಆಗಿದ್ರೆ ಕೀಬೋರ್ಡೂ ಹೋಗ್ತಿತ್ತು ನೋಡು” ಅಂತ ನನ್ನನ್ನು ಕರೆದು ತೋರಿಸಿ ಹೆಮ್ಮೆಪಟ್ಟಳು. ಮಿಕ್ಕದ್ದನ್ನೆಲ್ಲ ಒಟ್ಟಿಗೆ ಹಿಡಿದು ಅಳಿಸಿದಳು. ಕಸದ ಬುಟ್ಟಿಯಲ್ಲಿಯೂ ಉಳಿಯದ ಹಾಗೆ ಅಳಿಸುವ ಒಂದು ಗುಂಡಿ ಇದೆ. ಅವಳ ಬೆರಳು ಯಾವಾಗಲೂ ಅದರ ಮೇಲೆ. ಮೆಷೀನು ಬಿಟ್ಟ ಕರುವಿನ ಹಾಗೆ ಓಡತೊಡಗಿತು. ಆ ಸೀಸನ್ನಿನಲ್ಲಿ ಅವಳು ಹೊಡೆದಷ್ಟು ಲಗ್ನಪತ್ರಿಕೆ ಯಾರೂ ಹೊಡೆದಿರಲಿಕ್ಕಿಲ್ಲ.

ಪಾಲಣ್ಣ ಬಂದದ್ದು ಮದುವೆಗಳ ಗದ್ದಲ ಇನ್ನೂ ಇಳಿಯದಿದ್ದಾಗ. ದೇವಸಮುದ್ರದ ಕಡೆಯ ಆಳು, ನಾಲ್ಕು ಕುರಿ ಸಾಕಿಕೊಂಡು ಕಂಬಳಿ ನೇಯುವವನು. ಜೊತೆಗೆ ಮಗಳು ಸ್ವಪ್ನ, ನಾಲ್ಕನೇ ಕ್ಲಾಸು ಓದುವ ಹುಡುಗಿ. ತಲೆ ಬಾಚಿದ್ದು ಅಪ್ಪನೇ ಅಂತ ನೋಡಿದ ಕೂಡಲೇ ಗೊತ್ತಾಗುತ್ತಿತ್ತು, ಎರಡು ಜಡೆ ಎರಡು ಎತ್ತರದಲ್ಲಿದ್ದವು.

“ಒಂದು ಕಟ್ಟು ಹಾಕ್ಕೊಡ್ಬೇಕಿತ್ತಣ್ಣಾ” ಅಂದ.

“ಫೋಟೋ ಕೊಡಪ್ಪ.”

“ಫೋಟೋ ಪಕ್ಕದಂಗ್ಡೀಲೈತೆ. ಆ ಯಮ್ಮನೇ ತೆಗ್ದಿದ್ದು. ನಮ್ಮಾಕೀದು.”

ಹೆಂಡತಿ ತಿಪ್ಪೇರುದ್ರಮ್ಮ ಜ್ವರ ಅಂತ ಮಲಗಿದವಳು ಮತ್ತೆ ಏಳಲಿಲ್ಲವಂತೆ. ಮದುವೆಯಲ್ಲಿ ತೆಗೆಸಿದ್ದು, ಜಾತ್ರೆಯಲ್ಲಿ ತೆಗೆಸಿದ್ದು ಏನಾದರೂ ಇದೆಯಾ ಅಂತ ಕೇಳಿದೆ. ಇಲ್ಲ. ಫೋಟೋ ತೆಗೆಸಿದರೆ ಆಯಸ್ಸು ಕಡಿಮೆ ಅನ್ನುವ ನಂಬಿಕೆ ಆಕೆಯದು. ಹುಟ್ಟಿದ ಮೇಲೆ ತೆಗೆಸಿದ್ದು ಒಂದೇ ಒಂದು, ಅದೂ ಶಶಿರೇಖಾಳ ಬಲವಂತಕ್ಕೆ.

ಅದು ಹೇಗಾಯಿತೆಂದರೆ, ಅಲ್ಲಿನ ಕಂಬಳಿಯವರ ಸಂಘದವರು ನೇಯುವವರಿಗೂ ನೂಲುವವರಿಗೂ ಗುರುತಿನ ಚೀಟಿ ಮಾಡಿಸಲು ಶಶಿರೇಖಾಳನ್ನು ಕರೆಸಿದ್ದರು. ಅವಳು ಕ್ಯಾಮೆರಾ ಹಿಡಿದು ಹೋಗಿ, ಒಂದು ಬಿಳಿ ಪಂಚೆಯನ್ನು ಗೋಡೆಗೆ ಕಟ್ಟಿ, ಒಬ್ಬೊಬ್ಬರನ್ನೇ ನಿಲ್ಲಿಸಿ ತೆಗೆದು ತಂದಿದ್ದಳು. ತಿಪ್ಪೇರುದ್ರಮ್ಮ ಕುರಿಹಟ್ಟಿಯ ಹಿಂದೆ ಅಡಗಿದ್ದಳಂತೆ. ಇವಳು ಹೋಗಿ ಕೈಹಿಡಿದು ಎಳೆದಾಗ “ಪೋವೇ ಪೋ” ಅಂತ ಗಡಿಯ ತೆಲುಗಿನಲ್ಲಿ ಅಟ್ಟಿದಳಂತೆ. “ನಂದು ನಾನೇ ದಿನಾ ತೆಗ್ಕೊಂತೀನಿ ತಿಪ್ಪಕ್ಕಾ, ಗುಂಡುಕಲ್ಲಿನಂಗಿದೀನಿ ನೋಡು” ಅಂತ ಇವಳು ಪುಸಲಾಯಿಸಿದ್ದಳು. ಆಕೆ ಪಂಚೆಯ ಮುಂದೆ ನಿಂತೂ ಬೈಯುತ್ತಲೇ ಇದ್ದಳು. ಬಾಯಿ ಮುಚ್ಚಿದ ಒಂದು ಗಳಿಗೆ ನೋಡಿ ಇವಳು ಕ್ಲಿಕ್ ಮಾಡಿದ್ದಳು. ಚೀಟಿಗಳು ಇನ್ನೂ ಪ್ರಿಂಟ್ ಆಗಿರಲಿಲ್ಲ, ಸಂಘದ ಸೀಲಿಗೆ ಕಾದಿದ್ದವು.

ನಾನು ಅಪ್ಪ ಮಗಳನ್ನು ಕರೆದುಕೊಂಡು ಪಕ್ಕಕ್ಕೆ ಹೋದೆ. ಸುದ್ದಿ ಕೇಳಿ ಶಶಿರೇಖಾ ಎದ್ದುನಿಂತಳು. “ಅಯ್ಯೋ ಶಿವನೇ. ಕೂತ್ಕೊಳ್ರಿ ಪಾಲಣ್ಣಾ. ದೊಡ್ಡದು ಮಾಡಿ ಕೊಡ್ತೀನಿ, ಒಂದು ನಿಮಿಷ” ಅಂತ ಮೌಸ್ ಹಿಡಿದಳು. ಒಂದು ಕಡೆ ಒತ್ತಿದಳು. ಇನ್ನೊಂದು ಕಡೆ ಒತ್ತಿದಳು. ಕಾಲು ಅಲುಗುವುದು ನಿಂತಿತು.

“ಮರುಳಣ್ಣಾ” ಅಂದಳು, ಧ್ವನಿಯೇ ಬೇರೆ. “ಕಂಬಳಿ ಅಂತ ಪೂರ್ತಿ ಹೊಡಿಯೋಕೆ ಬೇಜಾರಾಗಿ ಕೆಬಿ ಅಂತ ಇಟ್ಟಿದ್ದೆ. ಕೆಬಿ ಒಂದು, ಕೆಬಿ ಎರಡು ಅಂತ.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದಾಗ ಅವಳ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಕೀಬೋರ್ಡನ್ನು ಉಳಿಸಿದ ಬುದ್ಧಿವಂತೆ ಮನುಷ್ಯರನ್ನು ಅಳಿಸಿದ್ದಳು. ಕ್ಯಾಮೆರಾದ ಕಾರ್ಡಿನಲ್ಲಿ? ಅದನ್ನೂ ಫೋಟೋ ತಂದ ದಿನವೇ ಖಾಲಿ ಮಾಡಿ ಯಾರದೋ ಸೀಮಂತಕ್ಕೆ ಬಳಸಿದ್ದಳು. ಉಳಿದವರನ್ನು ಇನ್ನೊಂದು ಸಲ ನಿಲ್ಲಿಸಿ ತೆಗೆಯಬಹುದು. ತಿಪ್ಪೇರುದ್ರಮ್ಮನನ್ನು ಎಲ್ಲಿ ನಿಲ್ಲಿಸುವುದು?

ಅವಳು ಪಾಲಣ್ಣನಿಗೆ ಸುಳ್ಳು ಹೇಳಲಿಲ್ಲ, ಅದೊಂದು ಮೆಚ್ಚಿದೆ. “ನನ್ ಕೈಯಾರೆ ಅಳಿಸ್ಬಿಟ್ಟಿದೀನಿ. ತೆಗ್ಯೋಕೆ ಆಗ್ತೈತೋ ನೋಡ್ತೀನಿ” ಅಂದಳು. ಅವನು ರೇಗಲಿಲ್ಲ. ಬರಿಯ ಕಂಪ್ಯೂಟರನ್ನೇ ನೋಡುತ್ತ, “ಊರಾಗೆ ಎಲ್ರೂ ಫೋಟೋ ತೆಗ್ಸಿದ್ಲು, ಅದ್ಕೇ ಹೋದ್ಲು ಅಂತಾರೆ ತಾಯಿ. ನಾನಂದೆ, ಹೋದ್ರೆ ಹೋದ್ಲು, ಫೋಟೋನಾದ್ರೂ ಉಳೀತಲ್ಲ ಅಂತ” ಅಂದ. ಆ ಮಾತಿಗಿಂತ ಅವನು ಎರಡೇಟು ಹೊಡೆದಿದ್ದರೆ ಶಶಿರೇಖಾಳಿಗೆ ಸುಖವಾಗುತ್ತಿತ್ತು.

ಅವರು ಹೋದ ಮೇಲೆ ಮತ್ತೆ ಮೇಷ್ಟ್ರಿಗೆ ಫೋನ್. ಈ ಸಲ ಪೂರ್ತಿ ಕೇಳಿದಳು.

ಮೇಷ್ಟ್ರು ಹೇಳಿದ್ದು ಇಷ್ಟು: “ಅಳಿಸೋದು ಅಂದ್ರೆ ಸೀಟು ಖಾಲಿ ಅಂತ ಕೂಗೋದು ಅಷ್ಟೇ ಕಣಮ್ಮ. ಕೂತ ಆಸಾಮಿ ಇನ್ನೂ ಎದ್ದಿರಲ್ಲ. ಇನ್ನೊಬ್ರು ಬಂದು ಅವನ ಮೇಲೆ ಕೂತ್ರೆ ಮಾತ್ರ ಹೋದ. ಮೊದ್ಲು ಆ ಮೆಷೀನು ಆರ್ಸು. ಏನೂ ಬರೀಬ್ಯಾಡ, ಏನೂ ಇಳಿಸ್ಬ್ಯಾಡ. ಈ ಭಾನುವಾರ ನಮ್ಮಲ್ಲಿ ಪರೀಕ್ಷೆ ಐತೆ, ಮುಗೀಲಿ. ಸೋಮವಾರ ಡಿಸ್ಕು ಬಿಚ್ಕೊಂಡು ಬಾ. ಅಲ್ಲೀವರ್ಗೂ ಮುಟ್ಟಲೇಬ್ಯಾಡ.”

ಮುಟ್ಟಲೇಬೇಡ! ಯಾರಿಗೆ ಹೇಳಿದ ಮಾತು ಅದು! ಅವಳು ಕರೆಂಟಿನ ವೈರು ಕಿತ್ತಳು, ಇಂಟರ್ನೆಟ್ಟಿನ ವೈರೂ ಕಿತ್ತಳು, ಎಲ್ಲಿ ತಾನಾಗಿಯೇ ಇನ್ನೊಂದು ಅಪ್‌ಡೇಟ್ ಇಳಿಸಿಕೊಂಡು ಆಯಮ್ಮನ ಮುಖದ ಮೇಲೆ ಕೂತುಬಿಡುತ್ತದೋ ಅಂತ. ಲಗ್ನಪತ್ರಿಕೆಯವರು ಬಂದು ಬೈದು ಹೋದರು. ಅವಳು ಬೀದಿಯ ಈ ತುದಿಯಿಂದ ಆ ತುದಿಗೆ ನಡೆದಳು. ನನ್ನ ಅಂಗಡಿಗೆ ಬಂದು ಗಾಜು ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. “ಆವತ್ತಿಂದ ಎಷ್ಟು ಪತ್ರಿಕೆ ಹೊಡ್ದೆ ಮರುಳಣ್ಣಾ? ಅಷ್ಟೂ ಮದುವೆಯವ್ರು ಆಯಮ್ಮನ ಮೇಲೆ ಕೂತಿರ್ತಾರಾ?” ಅಂತ ಕೇಳಿದಳು. ನನಗೇನು ಗೊತ್ತು? ಗದರಿಸಿ ಮನೆಗೆ ಕಳಿಸಿದೆ. ಗಾಬರಿ ಒಂದು ಅಂಟುರೋಗ, ನಾನೂ ಆ ದಿನಗಳಲ್ಲಿ ಎರಡು ಗಾಜು ಅಳತೆ ತಪ್ಪಿ ಕೊಯ್ದೆ.

ಸೋಮವಾರ ನಾನೂ ಅಂಗಡಿ ಮುಚ್ಚಿ ಜೊತೆಗೆ ಹೊರಟೆ. ಒಬ್ಬಳೇ ಹೋದರೆ ತಳುಕಿನ ಹತ್ತಿರ ಇಳಿದು ಬಸ್ಸನ್ನು ತಳ್ಳುವ ಪೈಕಿ ಅವಳು. ಡಿಸ್ಕನ್ನು ಅವ್ವನ ಹಳೇ ಸೀರೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕುಲುಕಬಾರದು ಅಂದಿದ್ದರು ಮೇಷ್ಟ್ರು. ಹಾಗಾಗಿ ಕಾಲು ಅಲುಗಿಸುವ ಹಾಗಿಲ್ಲ. ತುಟಿ ಕಚ್ಚಿಕೊಂಡಳು, ಕಿಟಕಿಯ ಸರಳು ಹಿಡಿದಳು, ಬಿಟ್ಟಳು. ಬಿ.ಜಿ. ಕೆರೆಯಲ್ಲಿ ಡ್ರೈವರ್ ಇಳಿದು ಬೀಡಿ ಹಚ್ಚಿದಾಗ ಅವಳ ಕಣ್ಣಲ್ಲಿ ನೀರು ಬಂತು. “ಏನ್ ಕೂಸಮ್ಮ ಅದು?” ಅಂತ ಹಿಂದಿನ ಸೀಟಿನ ಮುದುಕಿ ಬಗ್ಗಿ ಕೇಳಿದಳು. “ಕೂಸಲ್ಲಜ್ಜಿ, ಒಬ್ರ ಹೆಂಡ್ತಿ” ಅಂದಳು ಶಶಿರೇಖಾ. ಮುದುಕಿ ತನ್ನ ಗಂಟು ಎತ್ತಿಕೊಂಡು ಬೇರೆ ಸೀಟಿಗೆ ಹೋದಳು.

ಮೊಳಕಾಲ್ಮೂರಿನಲ್ಲಿ ಮೇಷ್ಟ್ರು ಡಿಸ್ಕನ್ನು ತಮ್ಮ ಇನ್ನೊಂದು ಮೆಷೀನಿಗೆ ಜೋಡಿಸಿ, ಅಳಿಸಿದ್ದನ್ನು ಹುಡುಕುವ ಒಂದು ಪ್ರೋಗ್ರಾಂ ಓಡಿಸಿದರು. ಅದು ಆಮೆಯ ಹಾಗೆ ತೆವಳಿತು. ಅರ್ಧಕ್ಕೆ ಕರೆಂಟು ಹೋಯಿತು. ಬಂತು. ಮತ್ತೆ ಮೊದಲಿಂದ. ನಾವು ಎದುರಿನ ಹೋಟೆಲಿಗೆ ಹೋಗಿ ಬಂದೆವು, ಅವಳು ಇಡ್ಲಿ ಮುರಿದು ಹಾಗೇ ಬಿಟ್ಟಳು. ಕೊನೆಗೆ ಒಂದೊಂದೇ ಬರತೊಡಗಿದವು. ಹೆಸರು ಹೋಗಿತ್ತು, ಬರಿಯ ಚಿತ್ರಗಳು. ಒಬ್ಬ ಮುದುಕ ಪೂರ್ತಿ ಸಿಕ್ಕ. ಒಂದು ಹುಡುಗಿ ಕಿವಿಯವರೆಗೆ. ಕೆಲವು ತೆರೆದುಕೊಳ್ಳಲೇ ಇಲ್ಲ. ಒಂದರಲ್ಲಿ ತಲೆಯ ಮೇಲೆ ಮದುವೆ ಪತ್ರಿಕೆಯ ಗಣಪತಿಯ ಸೊಂಡಿಲು.

“ಇದೇ ಸಾರ್” ಅಂತ ಅವಳು ಚೀರಿದಳು.

ತಿಪ್ಪೇರುದ್ರಮ್ಮ. ತಲೆಯ ಮೇಲೆ ಸೆರಗು, ಹಣೆಯ ಮೇಲೆ ಕಾಸಗಲ ಕುಂಕುಮ, ಈಗಲೋ ಆಗಲೋ ಬೈದುಬಿಡುತ್ತೇನೆ ಅನ್ನುವ ಎರಡು ಕಣ್ಣು, ಮೂಗುಬೊಟ್ಟು. ಅದರ ಕೆಳಗೆ ಏನೂ ಇಲ್ಲ. ಬೂದು ಬಣ್ಣ, ಗೋಡೆಗೆ ಸಿಮೆಂಟ್ ಮೆತ್ತಿದ ಹಾಗೆ. ಮೇಷ್ಟ್ರು ಇನ್ನೊಂದು ವಿಧಾನದಲ್ಲಿ ನೋಡಿದರು, ಇನ್ನೂ ಒಂದರಲ್ಲಿ ನೋಡಿದರು. ಬೂದು ಬೂದುವಾಗಿಯೇ ಉಳಿಯಿತು. “ಆ ಜಾಗದಾಗೆ ಬೇರೆ ಏನೋ ಕೂತ್ಬಿಟ್ಟೈತಮ್ಮ” ಅಂದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಸರಳಿಗೆ ಹಣೆ ಒತ್ತಿ ಕೂತಿದ್ದಳು. ಅವಳ ವಟವಟ ಕೇಳಿ ಕೇಳಿ ಸಾಕಾಗಿದ್ದ ನನಗೆ, ಏನಾದರೂ ಅನ್ನಬಾರದೇ ಅನ್ನಿಸಿತು.

ಪಾಲಣ್ಣ ಹೇಳಿದ ದಿನಕ್ಕೆ ಬಂದ, ಸ್ವಪ್ನಳೂ ಬಂದಳು. ಶಶಿರೇಖಾ ಫೋಟೋವನ್ನು ದೊಡ್ಡದಾಗಿ ಪರದೆಯ ಮೇಲೆ ತೆರೆದು ಬದಿಗೆ ಸರಿದು ನಿಂತಳು. ಅವನು ಹತ್ತಿರ ಹೋಗಿ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಹೊರಗೆ ಆಟೋದವನು ಹಾರ್ನ್ ಹೊಡೆಯುತ್ತಲೇ ಇದ್ದ, ನನಗೆ ಹೋಗಿ ಅವನ ಕುತ್ತಿಗೆ ಹಿಸುಕುವಷ್ಟು ಸಿಟ್ಟು ಬಂತು.

“ಏ ಇವ್ಳೇ” ಅಂದ ಪಾಲಣ್ಣ ಪರದೆಗೆ. “ಕಡೀಗೂ ಸುಮ್ನಾದೆ ನೋಡು.”

ನಗಲು ಹೋದ. ನಗು ಅರ್ಧಕ್ಕೇ ಮುರಿದು ಮುಖವೆಲ್ಲ ಹಿಂಡಿಕೊಂಡಿತು. ಹೆಗಲ ಟವೆಲಿನಿಂದ ಬಾಯಿ ಮುಚ್ಚಿಕೊಂಡ. ನಾನು ಎಷ್ಟೋ ಸಾವಿನ ಫೋಟೋಗಳಿಗೆ ಕಟ್ಟು ಹಾಕಿದವನು, ಅಳುವವರನ್ನು ನೋಡಿ ಅಭ್ಯಾಸ ಆದವನು. ಅವತ್ತು ನೋಡಲಾಗಲಿಲ್ಲ.

ಶಶಿರೇಖಾ ಮೊದಲೇ ಒಂದು ಉಪಾಯ ಮಾಡಿಟ್ಟುಕೊಂಡಿದ್ದಳು. ಗಡಬಡಿಸಿ ಹೇಳತೊಡಗಿದಳು: “ಪಾಲಣ್ಣಾ, ಸ್ವಪ್ನ ಥೇಟ್ ಅವ್ವನಂಗೇ ಅದಾಳೆ. ಇವಳ್ದೊಂದು ಫೋಟೋ ತಗೊಂಡು, ಇವಳ ಬಾಯಿ, ಗದ್ದ ಅಲ್ಲಿಗೆ ಸೇರಿಸ್ತೀನಿ. ಸ್ವಲ್ಪ ವಯಸ್ಸು ಜಾಸ್ತಿ ಕಾಣಂಗೆ ಮಾಡ್ತೀನಿ. ಗೊತ್ತೇ ಆಗಲ್ಲ ರೀ, ಗೆರೆ ಕೂಡ ಕಾಣಲ್ಲ. ಈಗ್ಲೇ ಮಾಡ್ತೀನಿ, ಬಾ ಸ್ವಪ್ನ, ಇಲ್ಲಿ ನಿಂತ್ಕೋ.”

ಕ್ಯಾಮೆರಾ ಕೈಗೆತ್ತಿಕೊಂಡೂ ಆಗಿತ್ತು. ಪಾಲಣ್ಣ ತಲೆಯಲ್ಲಾಡಿಸಿದ.

“ಬ್ಯಾಡ ತಾಯಿ. ಮಗಳ ಬಾಯಿ ಮಗಳಿಗಿರ್ಲಿ. ಇದ್ದಂಗೇ ಕಟ್ಟು ಹಾಕ್ಸು. ಅವಳ ಬಾಯಿ ಹೆಂಗಿತ್ತು ಅಂತ ನಂಗೆ ಗೊತ್ತೈತೆ.”

ಅಲ್ಲಿಯವರೆಗೆ ಒಂದು ಸಲವೂ ಬಾಯಿ ಬಿಡದಿದ್ದ ಹುಡುಗಿ ಅಪ್ಪನ ಪಂಚೆ ಜಗ್ಗಿದಳು.

“ನಿಂಗೆ ಗೊತ್ತೈತೆ ಅಪ್ಪಾ” ಅಂದಳು. “ನಂಗೆ ಮರ್ತು ಹೋದ್ರೆ?”

ಶಶಿರೇಖಾ ಕ್ಯಾಮೆರಾ ಕೆಳಗಿಟ್ಟು, ಹುಡುಗಿಯ ಪಕ್ಕ ನೆಲದ ಮೇಲೆ ಕೂತು, ಅವಳ ತಲೆಯ ಮೇಲೆ ಕೈ ಇಟ್ಟಳು. ನಾನು ಗಾಜು ಕೊಯ್ದು, ಚೌಕಟ್ಟು ಬಡಿದು, ಬೂದು ಸಮೇತ ಫೋಟೋ ಕೂರಿಸಿ ಕಾಗದದಲ್ಲಿ ಸುತ್ತಿ ತರುವವರೆಗೂ, ದೇವಸಮುದ್ರದ ಬಸ್ಸಿನ ಹೊತ್ತಾಗುವವರೆಗೂ ಆ ಕೈ ಅಲ್ಲಿಂದ ಕದಲಲಿಲ್ಲ.